ಕಪ್ಪು ಮರಳು, ಇದ್ದಿಲು, ಉಕ್ಕು: ಮಧುಗಿರಿ ಸೀಮೆಯ ಕುಲುಮೆಗಳ ಶಾಖದ ಲೆಕ್ಕ

ಮಧುಗಿರಿ ಮತ್ತು ಕೊರಟಗೆರೆ ಸೀಮೆಯ ಬೆಟ್ಟಗಳ ತಪ್ಪಲಲ್ಲಿ ಹತ್ತೊಂಬತ್ತನೆಯ ಶತಮಾನ ಕಾಲಿಡುವಾಗಲೂ ಕಬ್ಬಿಣ ತೆಗೆಯುವ, ಉಕ್ಕು ಮಾಡುವ ಕಸುಬು ನಡೆಯುತ್ತಿತ್ತು. ಅದರ ವಿವರ ಸಿಗುವುದು ಫ್ರಾನ್ಸಿಸ್ ಬುಕನನ್‌ನ ಪ್ರವಾಸ ಕಥನದಲ್ಲಿ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಈ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ. ಬೇಸಾಯ, ನೇಯ್ಗೆ, ಪಶುಪಾಲನೆಗಳ ಜೊತೆಗೆ ಕುಲುಮೆಗಳ ಅಳತೆಯನ್ನೂ ಬರೆದಿಟ್ಟ. ಮೂರು ಸಂಪುಟಗಳ ಆ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಪ್ರಕಾರ ಆಗ ಕಬ್ಬಿಣ ತಯಾರಾಗುತ್ತಿದ್ದುದು ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿ ಮತ್ತು ದೇವರಾಯನದುರ್ಗ ಎಂಬ ನಾಲ್ಕು ತಾಲ್ಲೂಕುಗಳಲ್ಲಿ. ಹಾಗಲವಾಡಿ, ದೇವರಾಯನದುರ್ಗದ ಕಡೆಯವರು ಮೂಗನಾಯಕನಕೋಟೆಯ ಹತ್ತಿರದ ಗುಡ್ಡದಿಂದ ಕರಿಕಲ್ಲು ತರುತ್ತಿದ್ದರು. ಮಧುಗಿರಿಯವರಿಗೂ, ಇಂದು ಕೊರಟಗೆರೆ ತಾಲ್ಲೂಕಿಗೆ ಸೇರಿರುವ ಚನ್ನರಾಯನದುರ್ಗದವರಿಗೂ ಗಣಿ ಅಗೆಯುವ ಕೆಲಸವಿರಲಿಲ್ಲ. ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ಹರಿದು ಬರುವ ಹಳ್ಳಗಳೇ ಅವರಿಗೆ ಅದಿರು ತಂದುಕೊಡುತ್ತಿದ್ದವು.

ಆ ಅದಿರು ಕಪ್ಪು ಮರಳು. ಪಾವಗಡ, ಮಧುಗಿರಿ, ಕೊರಟಗೆರೆಗಳ ಮೂಲಕ ತೆಂಕಣ ದಿಕ್ಕಿಗೆ ರಾಮನಗರದತ್ತ ಸಾಗುವ ಗ್ರಾನೈಟ್ ಪಟ್ಟಿ ಸುಮಾರು 250 ಕೋಟಿ ವರ್ಷ ಹಳೆಯದು. ಮಧುಗಿರಿಯ ಏಕಶಿಲಾ ಬೆಟ್ಟವೂ ಇದೇ ಶಿಲೆಯದು. ಈ ಕಲ್ಲಿನಲ್ಲಿ ಬಿಳಿ ಸ್ಫಟಿಕ ಮತ್ತು ಗುಲಾಬಿ ಫೆಲ್ಡ್‌ಸ್ಪಾರ್ ನಡುವೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಕಾಳುಗಳು ಅಲ್ಲಲ್ಲಿ ಚದುರಿರುತ್ತವೆ. ಬಿಸಿಲು ಮಳೆಗೆ ಕಲ್ಲು ಸವೆದು ಪುಡಿಯಾದಾಗ ಅವು ಬಿಡಿಯಾಗಿ ಹೊರಬೀಳುತ್ತವೆ. ಸ್ಫಟಿಕದ ಸಾಂದ್ರತೆ ನೀರಿಗಿಂತ 2.65 ಪಟ್ಟು, ಮ್ಯಾಗ್ನಟೈಟಿನದು 5.2 ಪಟ್ಟು. ಹರಿವ ನೀರು ಹಗುರ ಮರಳನ್ನು ಮುಂದೆ ಕೊಂಡೊಯ್ದು ಭಾರದ ಕಾಳುಗಳನ್ನು ಹಳ್ಳದ ತಿರುವುಗಳಲ್ಲಿ ಬಿಟ್ಟುಹೋಗುತ್ತದೆ. ಜೋರು ಮಳೆ ನಿಂತ ಮೇಲೆ ಈ ಸೀಮೆಯ ಹಳ್ಳಗಳ ತಳದಲ್ಲಿ ಕಾಣುವ ಕಪ್ಪು ಗೆರೆಗಳು ಇವೇ. ಅಯಸ್ಕಾಂತ ಹಿಡಿದರೆ ಮೀಸೆಯಂತೆ ಅಂಟಿಕೊಳ್ಳುತ್ತವೆ. ಈ ಮರಳನ್ನು ಮತ್ತೆ ನೀರಿನಲ್ಲಿ ತೊಳೆದು ಬಿಳಿ ಮರಳನ್ನು ಬೇರ್ಪಡಿಸಿದರೆ ಕುಲುಮೆಗೆ ಹಾಕಬಲ್ಲ ಅದಿರು ಸಿದ್ಧ.

ಕಬ್ಬಿಣ ತೆಗೆಯುವ ವಿಧಾನ ಮಾಗಡಿಯ ಕಡೆ ಕಂಡದ್ದೇ ಎಂದು ಬುಕನನ್ ಬರೆಯುತ್ತಾನೆ. ಮಣ್ಣಿನ ಕುಲುಮೆಯಲ್ಲಿ ಇದ್ದಿಲು ಉರಿಸಿ, ಮೇಲಿಂದ ಮರಳನ್ನೂ ಇದ್ದಿಲನ್ನೂ ಸರದಿಯಂತೆ ಸುರಿಯುತ್ತ, ಬುಡಕ್ಕೆ ಚರ್ಮದ ತಿದಿಗಳಿಂದ ಗಾಳಿ ಊದುವುದು ಇದರ ಸಾರ. ಕೊನೆಗೆ ಕೈಗೆ ಸಿಗುವುದು ಕಿಟ್ಟದಿಂದ ತುಂಬಿದ, ಸ್ಪಂಜಿನಂಥ ಕಬ್ಬಿಣದ ಮುದ್ದೆ. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಕಿಟ್ಟವನ್ನು ಹೊರಹಾಕಿದರೆ ಕಮ್ಮಾರನ ಕೆಲಸಕ್ಕೆ ಬರುವ ಕಬ್ಬಿಣ. ಅಪ್ಪಟ ಕಬ್ಬಿಣ ಕರಗುವುದು 1,538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಈ ಕುಲುಮೆಗಳು ಅಷ್ಟು ಬಿಸಿಯಾಗುತ್ತಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಅದಿರಿನಲ್ಲಿದ್ದ ಆಮ್ಲಜನಕವನ್ನು ಇದ್ದಿಲಿನ ಹೊಗೆ ಕಿತ್ತುಕೊಂಡರೆ ಸಾಕಿತ್ತು. ಈ ಕಿತ್ತುಕೊಳ್ಳುವಿಕೆಗೆ ಎಷ್ಟು ಶಾಖ ಬೇಕು, ಅದು ಎಲ್ಲಿಂದ ಬರುತ್ತದೆ ಎಂಬುದಕ್ಕೆ ರಸಾಯನಶಾಸ್ತ್ರ ಉತ್ತರ ಕಂಡುಕೊಂಡದ್ದು ಬುಕನನ್ ಬಂದುಹೋದ ಎಷ್ಟೋ ವರ್ಷಗಳ ಮೇಲೆ. ಆ ಉತ್ತರ ತಿಳಿದರೆ ಈ ಕಸುಬು ಏಕೆ ಹೀಗಿತ್ತು ಎಂಬುದೂ ತಿಳಿಯುತ್ತದೆ.

1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಜರ್ಮೇನ್ ಹೆಸ್ ಒಂದು ನಿಯಮ ಪ್ರಕಟಿಸಿದ: ಒಂದೇ ವಸ್ತುಗಳಿಂದ ಹೊರಟು ಒಂದೇ ವಸ್ತುಗಳನ್ನು ತಲುಪುವುದಾದರೆ, ನಡುವೆ ಯಾವ ದಾರಿ ಹಿಡಿದರೂ ಹೊರಬೀಳುವ ಅಥವಾ ಹೀರಲಾಗುವ ಒಟ್ಟು ಶಾಖ ಬದಲಾಗದು. ಕೋಪನ್‌ಹೇಗನ್ನಿನ ಯೂಲಿಯುಸ್ ಥಾಮ್ಸೆನ್ ಮತ್ತು ಪ್ಯಾರಿಸಿನ ಮಾರ್ಸೆಲಾನ್ ಬರ್ತಲೋ ಮುಂದಿನ ದಶಕಗಳಲ್ಲಿ ನೂರಾರು ಕ್ರಿಯೆಗಳ ಶಾಖವನ್ನು ಅಳೆದರು. ಇದರಿಂದ ಪ್ರತಿ ವಸ್ತುವಿಗೂ ಒಂದು ಅಂಕಿ ಕೊಡಲು ಸಾಧ್ಯವಾಯಿತು. ಮೂಲವಸ್ತುಗಳು ಸಹಜ ಸ್ಥಿತಿಯಲ್ಲಿದ್ದು, ಅವುಗಳಿಂದ ಒಂದು ಮೋಲ್ ಸಂಯುಕ್ತ ಉಂಟಾಗುವಾಗ ಆಗುವ ಶಾಖದ ವ್ಯತ್ಯಾಸವೇ ಆ ಸಂಯುಕ್ತದ ಪ್ರಮಾಣಿತ ರಚನಾ ಎಂಥಾಲ್ಪಿ. ಸಾಮಾನ್ಯವಾಗಿ ಇದನ್ನು 25 ಡಿಗ್ರಿ ಸೆಲ್ಸಿಯಸ್‌ಗೆ ಕೊಡುತ್ತಾರೆ. ಶಾಖ ಹೊರಬಿದ್ದರೆ ಅಂಕಿ ಋಣ, ಹೀರಿದರೆ ಧನ, ಮೂಲವಸ್ತುಗಳಿಗೆ ಸೊನ್ನೆ.

ಈ ಅಂಕಿಯನ್ನು ಬಂಧ ಶಕ್ತಿಯಿಂದಲೂ ಲೆಕ್ಕಹಾಕಬಹುದು. ಮೊದಲು ಮೂಲವಸ್ತುಗಳನ್ನು ಬಿಡಿ ಪರಮಾಣುಗಳಾಗಿ ಒಡೆಯಬೇಕು, ಅದು ಖರ್ಚು. ಆಮೇಲೆ ಆ ಪರಮಾಣುಗಳನ್ನು ಹೊಸ ಬಂಧಗಳಲ್ಲಿ ಕೂಡಿಸಬೇಕು, ಅದು ಜಮಾ. ಖರ್ಚಿನಲ್ಲಿ ಜಮಾ ಕಳೆದರೆ ರಚನಾ ಎಂಥಾಲ್ಪಿ ಬರುತ್ತದೆ. ಕುಲುಮೆಯ ಹೊಗೆಯಲ್ಲಿ ಮುಖ್ಯವಾದ ಕಾರ್ಬನ್ ಮಾನಾಕ್ಸೈಡನ್ನೇ ತೆಗೆದುಕೊಳ್ಳೋಣ. ಒಂದು ಮೋಲ್ ಘನ ಇಂಗಾಲವನ್ನು ಪರಮಾಣುಗಳ ಆವಿಯಾಗಿಸಲು 716.7 ಕಿಲೋಜೂಲ್ ಬೇಕು. ಅರ್ಧ ಮೋಲ್ ಆಮ್ಲಜನಕವನ್ನು ಒಡೆಯಲು 249.2. ಒಟ್ಟು ಖರ್ಚು 965.9. ಇಂಗಾಲ ಮತ್ತು ಆಮ್ಲಜನಕದ ನಡುವಿನ ತ್ರಿಬಂಧ ಕೂಡಿದಾಗ ಹೊರಬೀಳುವುದು 1,076.4. ಹಾಗಾಗಿ ರಚನಾ ಎಂಥಾಲ್ಪಿ ಋಣ 110.5 ಕಿಲೋಜೂಲ್. ಕಾರ್ಬನ್ ಡೈಆಕ್ಸೈಡಿಗೆ ಖರ್ಚು 716.7 ಮತ್ತು 498.4 ಸೇರಿ 1,215.1. ಅದರ ಎರಡು ದ್ವಿಬಂಧಗಳು ತಲಾ 804.3ರಂತೆ 1,608.6 ಕೊಡುತ್ತವೆ, ಉಳಿಕೆ ಋಣ 393.5.

ಲೆಕ್ಕ ಸರಳವಾಗಿ ಕಂಡರೂ ಅದರ ಮೊದಲ ಅಂಕಿಯನ್ನು ಗೊತ್ತುಮಾಡಲು ವಿಜ್ಞಾನಿಗಳು ಬಹುಕಾಲ ಹೆಣಗಿದರು. ಇಂಗಾಲ ಉರಿದಾಗ ಬರುವ ಶಾಖವನ್ನು ಅಳೆಯುವುದು ಸುಲಭ. ಇಂಗಾಲವನ್ನು ಬಿಡಿ ಪರಮಾಣುಗಳ ಆವಿಯಾಗಿಸಲು ಎಷ್ಟು ಬೇಕೆಂದು ಅಳೆಯುವುದು ಬಹಳ ಕಷ್ಟ. 1940ರ ದಶಕದಲ್ಲಿ ಒಂದು ಪಕ್ಷ ಅದು ಸುಮಾರು 523 ಕಿಲೋಜೂಲ್ ಎಂದರೆ, ಇನ್ನೊಂದು ಪಕ್ಷ 711ರ ಆಸುಪಾಸು ಎಂದಿತು. ಮೊದಲನೆಯದನ್ನು ಒಪ್ಪಿದರೆ ಕಾರ್ಬನ್ ಮಾನಾಕ್ಸೈಡಿನ ಬಂಧ ಸುಮಾರು 882, ಎರಡನೆಯದನ್ನು ಒಪ್ಪಿದರೆ ಸುಮಾರು 1,070. ಎರಡು ಜೋಡಿಗಳೂ ಕೊಡುವುದು ಸರಿಸುಮಾರು ಅದೇ ಋಣ 110. ಹೀಗಾಗಿ ಶಾಖಮಾಪಕದಿಂದ ಈ ವಾದ ತೀರುವಂತಿರಲಿಲ್ಲ. ಬ್ರಿಟನ್ನಿನ ಗೇಡನ್ ದೊಡ್ಡ ಅಂಕಿಯ ಪರ ನಿಂತ. 1955ರಲ್ಲಿ ಅಮೆರಿಕದ ಚುಪ್ಕ ಮತ್ತು ಇಂಗ್ರಂ ಕಾದ ಇಂಗಾಲದ ಆವಿಯನ್ನು ರಾಶಿ ರೋಹಿತಮಾಪಕದಲ್ಲಿ ನೇರವಾಗಿ ಅಳೆದು ದೊಡ್ಡ ಅಂಕಿಯೇ ಸರಿ ಎಂದು ತೋರಿಸಿದರು. ಕಾರ್ಬನ್ ಮಾನಾಕ್ಸೈಡಿನದು ಯಾವುದೇ ಎರಡು ತಟಸ್ಥ ಪರಮಾಣುಗಳ ನಡುವಿನ ಅತಿ ಬಲವಾದ ಬಂಧ ಎಂದು ಗಟ್ಟಿಯಾದದ್ದು ಆಗ. ತಿದಿ ಊದುವವನ ಮುಖಕ್ಕೆ ಬಡಿಯುತ್ತಿದ್ದ ವಿಷದ ಗಾಳಿ ಅಷ್ಟು ಬಿಗಿಯಾಗಿ ಹೆಣೆದ ಅಣುಗಳದು.

ಮ್ಯಾಗ್ನಟೈಟಿನ ವಿಚಾರಕ್ಕೆ ಬಂದರೆ ಬಂಧ ಶಕ್ತಿಯ ವಿಧಾನ ಎಡವುತ್ತದೆ. ಮೂರು ಕಬ್ಬಿಣ, ನಾಲ್ಕು ಆಮ್ಲಜನಕ ಪರಮಾಣುಗಳ ಈ ಆಕ್ಸೈಡಿನ ರಚನಾ ಎಂಥಾಲ್ಪಿ, ಅಳೆದಂತೆ, ಋಣ 1,118.4 ಕಿಲೋಜೂಲ್. ಅದರ ಒಂದು ಮೋಲನ್ನು ಬಿಡಿ ಪರಮಾಣುಗಳಾಗಿಸಲು ಸುಮಾರು 3,364 ಕಿಲೋಜೂಲ್ ಬೇಕು. ಆದರೆ ಈ ಮೊತ್ತವನ್ನು ಇಂತಿಷ್ಟು ಬಂಧಗಳಿಗೆ ಸಮನಾಗಿ ಹಂಚುವಂತಿಲ್ಲ. ಕೆಲವು ಕಬ್ಬಿಣದ ಅಯಾನುಗಳ ಸುತ್ತ ನಾಲ್ಕು ಆಮ್ಲಜನಕಗಳಿದ್ದರೆ ಕೆಲವುಗಳ ಸುತ್ತ ಆರಿರುತ್ತವೆ. ಹರಳಿನ ತುಂಬ ಹರಡಿದ ವಿದ್ಯುದಾವೇಶಗಳ ಸೆಳೆತವೇ ಅದನ್ನು ಹಿಡಿದಿಟ್ಟಿದೆ. ಬಂಧ ಶಕ್ತಿಯ ಕೋಷ್ಟಕಗಳು ನಂಬಿಕೆಗೆ ಅರ್ಹವಾಗುವುದು ಬಿಡಿ ಅಣುಗಳ ಅನಿಲಗಳಿಗೆ. ಅಲ್ಲಿಯೂ ಅವು ಬಗೆಬಗೆಯ ಅಣುಗಳಿಂದ ತೆಗೆದ ಸರಾಸರಿಗಳಾದ್ದರಿಂದ ಉತ್ತರ ಕೆಲವೊಮ್ಮೆ ಹತ್ತಾರು ಕಿಲೋಜೂಲ್‌ಗಳಷ್ಟು ಆಚೀಚೆ ಆಗುತ್ತದೆ. ಘನ ಆಕ್ಸೈಡುಗಳಿಗೆ ಅಳೆದ ಅಂಕಿಯನ್ನೇ ಬಳಸಿ ಹೆಸ್‌ನ ನಿಯಮದಂತೆ ಕೂಡಿಸಿ ಕಳೆಯುವುದು ಸರಿಯಾದ ದಾರಿ.

ಹಾಗೆ ಮಾಡಿದಾಗ ಕಾಣುವ ಚಿತ್ರ ಸೊಗಸಾಗಿದೆ. ಮ್ಯಾಗ್ನಟೈಟಿನ 1,118.4ನ್ನು ಅದರ ನಾಲ್ಕು ಆಮ್ಲಜನಕಗಳಿಗೆ ಹಂಚಿದರೆ ತಲಾ 279.6 ಕಿಲೋಜೂಲ್. ಕಬ್ಬಿಣದಿಂದ ಒಂದೊಂದು ಆಮ್ಲಜನಕವನ್ನು ಬಿಡಿಸಲು ತೆರಬೇಕಾದ ಬೆಲೆ ಇದು. ಕಾರ್ಬನ್ ಮಾನಾಕ್ಸೈಡ್ ಒಂದು ಆಮ್ಲಜನಕವನ್ನು ತೆಗೆದುಕೊಂಡು ಡೈಆಕ್ಸೈಡ್ ಆಗುವಾಗ ಹೊರಬೀಳುವುದು 393.5ರಲ್ಲಿ 110.5 ಕಳೆದ 283. ಎರಡೂ ಹೆಚ್ಚುಕಡಿಮೆ ಸಮ. ನಾಲ್ಕು ಆಮ್ಲಜನಕಗಳ ಇಡೀ ವ್ಯವಹಾರದಲ್ಲಿ ಉಳಿಯುವುದು 13.6 ಕಿಲೋಜೂಲ್ ಮಾತ್ರ. ಕಪ್ಪು ಮರಳು ಕಬ್ಬಿಣವಾಗುವ ಆ ಗಳಿಗೆಯಲ್ಲಿ ಶಾಖದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆಮ್ಲಜನಕ ಕೈ ಬದಲಾಯಿಸುತ್ತದೆ ಅಷ್ಟೇ. ಕ್ರಿಯೆ ಎತ್ತ ನಡೆಯುತ್ತದೆ ಎಂಬುದನ್ನು ಶಾಖವೊಂದೇ ತೀರ್ಮಾನಿಸುವುದಿಲ್ಲವಾದರೂ, ಬೆಲೆಗಳು ಇಷ್ಟು ಹತ್ತಿರವಿದ್ದಾಗ ಹೊಗೆಯಲ್ಲಿ ಮಾನಾಕ್ಸೈಡ್ ಸದಾ ಹೇರಳವಾಗಿರುವಂತೆ ನೋಡಿಕೊಳ್ಳಬೇಕಾಗುತ್ತದೆ. ಮರಳಿಗಿಂತ ಇದ್ದಿಲನ್ನು ಧಾರಾಳವಾಗಿ ಸುರಿಯುವ ಪದ್ಧತಿಯ ಹಿಂದಿನ ಕಾರಣ ಇದು.

ಕಾಗದದ ಲೆಕ್ಕದಲ್ಲಿ ಒಂದು ಕಿಲೋ ಕಬ್ಬಿಣಕ್ಕೆ ಸುಮಾರು 143 ಗ್ರಾಂ ಇಂಗಾಲ ಸಾಕು, ಎಲ್ಲ ಇಂಗಾಲವೂ ಅದಿರಿನ ಆಮ್ಲಜನಕವನ್ನೇ ಹಿಡಿದು ಡೈಆಕ್ಸೈಡ್ ಆಗುವುದಾದರೆ. ನಿಜವಾದ ಕುಲುಮೆ ಇದರ ಎಷ್ಟೋ ಪಟ್ಟು ಇದ್ದಿಲು ನುಂಗುತ್ತಿತ್ತು. ಇಂಗಾಲ ಪೂರ್ತಿ ಉರಿದರೆ ಗ್ರಾಮಿಗೆ 32.8 ಕಿಲೋಜೂಲ್ ಕೊಡುತ್ತದೆ. ಮಾನಾಕ್ಸೈಡ್ ಆಗಿ ಅರ್ಧಕ್ಕೆ ನಿಂತರೆ 9.2 ಮಾತ್ರ. ಅಂದರೆ ಅದಿರನ್ನು ಕಬ್ಬಿಣವಾಗಿಸುವ ಅನಿಲ ಬೇಕೆಂದರೆ ಇದ್ದಿಲಿನ ಶಾಖದಲ್ಲಿ ನೂರಕ್ಕೆ 72 ಪಾಲನ್ನು ಆ ಅನಿಲದೊಳಗೇ ಬಿಟ್ಟುಕೊಡಬೇಕು. ಗಿಡ್ಡ ಕುಲುಮೆಯಲ್ಲಿ ಆ ಅನಿಲದ ಬಹುಪಾಲು ಅದಿರನ್ನು ಸೋಕದೆ ಬಾಯಲ್ಲಿ ನೀಲಿ ಜ್ವಾಲೆಯಾಗಿ ಉರಿದುಹೋಗುತ್ತಿತ್ತು. ಇದರ ಮೇಲೆ ಸಾರಜನಕದ ಹೊರೆ. ತಿದಿ ಊದುವ ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದರ ತ್ರಿಬಂಧ ಒಡೆಯಲು 945 ಕಿಲೋಜೂಲ್ ಬೇಕಾದ್ದರಿಂದ ಅದು ಕುಲುಮೆಯಲ್ಲಿ ಯಾವುದರೊಡನೆಯೂ ಬೆರೆಯದೆ, ಕಾದು, ತನ್ನ ಪಾಲಿನ ಶಾಖ ಹೊತ್ತುಕೊಂಡು ಹೊರಟುಹೋಗುತ್ತದೆ. ಇದ್ದಿಲಿಗಾಗಿ ಕಡಿದ ಕುರುಚಲು ಕಾಡಿನ ದೊಡ್ಡ ಭಾಗ ಹೀಗೆ ಬರಿಯ ಗಾಳಿಯನ್ನು ಕಾಯಿಸಲು ವ್ಯಯವಾಗಿದೆ.

ಮರಳಿನಲ್ಲಿ ಉಳಿದ ಬಿಳಿ ಕಾಳುಗಳು, ಅಂದರೆ ಸಿಲಿಕಾ, ಬೇರೆಯೇ ದಾರಿ ಹಿಡಿಯುತ್ತವೆ. ಸಿಲಿಕಾದ ರಚನಾ ಎಂಥಾಲ್ಪಿ ಋಣ 910.7, ಆಮ್ಲಜನಕವೊಂದಕ್ಕೆ 455ಕ್ಕೂ ಹೆಚ್ಚು. ಮಾನಾಕ್ಸೈಡ್ ಕೊಡಬಲ್ಲ 283 ಇದಕ್ಕೆ ಏನೇನೂ ಸಾಲದು. ಆದ್ದರಿಂದ ಕುಲುಮೆಯಲ್ಲಿ ಸಿಲಿಕಾ ಸಿಲಿಕಾನ್ ಆಗದೆ, ಅರೆಬರೆ ಉಳಿದ ಕಬ್ಬಿಣದ ಆಕ್ಸೈಡಿನೊಡನೆ ಕೂಡಿ ಕಿಟ್ಟವಾಗುತ್ತದೆ. ಕಿಟ್ಟದ ಮುಖ್ಯ ಖನಿಜ ಫಯಲೈಟ್ ಸುಮಾರು 1,200 ಡಿಗ್ರಿಯಲ್ಲಿ ಕರಗಿ ಹರಿಯುತ್ತದೆ. ಕಬ್ಬಿಣ ಕರಗದೆ ಉಳಿದು ಕಿಟ್ಟ ಕರಗಿ ಜಾರಿಹೋಗುವ ಈ ಅಂತರವೇ ಇಡೀ ವಿಧಾನದ ಆಧಾರ. ಆದರೆ ಹರಿದುಹೋಗುವ ಪ್ರತಿ ಕಿಟ್ಟದ ಹನಿಯೊಂದಿಗೂ ಒಂದಿಷ್ಟು ಕಬ್ಬಿಣ ಹೋಗುತ್ತದೆ. ಮರಳು ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ದಂಡ ತೆರುವುದು ಇಲ್ಲಿ. ಸಿಲಿಕಾದಿಂದ ಇಂಗಾಲದ ಬಲದಲ್ಲೇ ಆಮ್ಲಜನಕ ಕಿತ್ತುಕೊಳ್ಳಲು ಮೋಲಿಗೆ 690 ಕಿಲೋಜೂಲ್ ಸುರಿಯಬೇಕು. ವಿದ್ಯುತ್ ಚಾಪದ ಕುಲುಮೆಯಲ್ಲಿ 1,900 ಡಿಗ್ರಿಯ ಆಚೆಗೆ ಮಾತ್ರ ಅದು ಸಾಧ್ಯ. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಉದ್ಯಾನದ ಫಲಕಗಳಲ್ಲಿ ಇರುವ ಸಿಲಿಕಾನ್ ಮೂಲದಲ್ಲಿ ಇದೇ ಕ್ರಿಯೆಯಿಂದ ಬಂದದ್ದು.

ಉಕ್ಕಿನ ಕೆಲಸ ಬೇರೆ, ಅದಕ್ಕೆ ಬೇಕಾದ ಕೌಶಲವೂ ಬೇರೆ. ಈ ಸೀಮೆಯಲ್ಲಿ ಉಕ್ಕಿನ ಕುಲುಮೆಗಳು ಐದು ಇದ್ದವೆಂದು ಬುಕನನ್ ಹೇಳುತ್ತಾನೆ: ಚನ್ನರಾಯನದುರ್ಗದಲ್ಲಿ ನಾಲ್ಕು, ದೇವರಾಯನದುರ್ಗದಲ್ಲಿ ಒಂದು. ಅವನ ವರ್ಣನೆಯಲ್ಲಿ ಕುಲುಮೆ ಒಂದು ಗುಡಿಸಲಿನೊಳಗೆ ನೆಲದಲ್ಲಿ ತೋಡಿದ ದುಂಡು ಗುಂಡಿ. ಅಗಲ ಒಂದು ಮೊಳ, ಆಳ ಎರಡು ಮೊಳ. ಬೂದಿ ತೆಗೆಯಲು ಬುಡದಿಂದ ಗುಡಿಸಲಿನ ಹೊರಗಿನವರೆಗೆ ಒಂದು ಕಾಲುವೆ. ಕಿಡಿ ಮತ್ತು ಝಳ ತಾಗದಿರಲೆಂದು ಸುಮಾರು ಐದು ಅಡಿ ಎತ್ತರದ ಮಣ್ಣಿನ ಗೋಡೆ, ಅದರ ಬುಡದಲ್ಲಿ ತೂರಿಸಿದ ಮಣ್ಣಿನ ಕೊಳವೆ, ಅದರ ಹಿಂದೆ ಎತ್ತಿನ ಚರ್ಮದ ಎರಡು ತಿದಿ.

ಉಕ್ಕು ಆಗುವುದು ಮೂಸೆಯೊಳಗೆ. ಹಸಿ ಜೇಡಿಮಣ್ಣಿನ ಶಂಕುವಿನಾಕಾರದ ಮೂಸೆಯಲ್ಲಿ ಕಬ್ಬಿಣದ ಬೆಣೆಯೊಂದರ ಮೂರನೇ ಒಂದು ಭಾಗ, ಮೂರು ರೂಪಾಯಿ ತೂಕದ ತಂಗಡಿ ಗಿಡದ ಕಡ್ಡಿ, ಮೇಲೆ ಒಂದು ಬಳ್ಳಿಯ ಎರಡು ಹಸಿರೆಲೆ. ಆಗಿನ ರೂಪಾಯಿಯ ತೂಕದಲ್ಲಿ ಕಡ್ಡಿ ಸುಮಾರು 34 ಗ್ರಾಂ. ಮಣ್ಣಿನ ಮುಚ್ಚಳವಿಟ್ಟು ಸಂದನ್ನು ಮೆತ್ತಿ, ಬೆಂಕಿಯ ಬಳಿ ಒಣಗಿಸಿ, ಕುಲುಮೆಯ ಬಾಯಿಗೆ ಕಮಾನಿನಂತೆ ಹದಿನೈದು ಮೂಸೆ ಜೋಡಿಸುತ್ತಿದ್ದರು. ತಿದಿಯ ಎದುರಿನ ಒಂದನ್ನು ತೆಗೆದು ಆ ಜಾಗದಲ್ಲಿ ಬರಿಯ ಮೂಸೆಯನ್ನು ಅಡ್ಡ ಇಡುತ್ತಿದ್ದರು. ಅದನ್ನು ಸರಿಸಿ ಇದ್ದಿಲು ಹಾಕಲು. ಆಲ ಮತ್ತು ಧೂಪದ ಮರ ಬಿಟ್ಟು ಬೇರೆ ಯಾವ ಮರದ ಇದ್ದಿಲಾದರೂ ನಡೆಯುತ್ತಿತ್ತು. ನಾಲ್ಕು ಗಂಟೆ ಊದಿದರೆ ಒಂದು ಬ್ಯಾಚು. ಹಗಲೂ ರಾತ್ರಿ ಕೆಲಸ ನಡೆದು ದಿನಕ್ಕೆ ಐದು ಬ್ಯಾಚು, ಎಪ್ಪತ್ತು ಉಕ್ಕಿನ ಗಟ್ಟಿ. ಕುಲುಮೆಗೆ ಹದಿಮೂರು ಆಳು: ಮೂಸೆ ಮಾಡಿ ಜೋಡಿಸುವ ಯಜಮಾನ ಒಬ್ಬ, ಉಳಿದವರು ಮೂವರಂತೆ ನಾಲ್ಕು ಪಾಳಿ. ಪಾಳಿಯಲ್ಲಿ ಒಬ್ಬ ಬೆಂಕಿ ನೋಡಿದರೆ ಇಬ್ಬರು ತಿದಿ ಊದುತ್ತಿದ್ದರು.

ಇಲ್ಲಿ ಶಾಖದ ಲೆಕ್ಕ ತಲೆಕೆಳಗಾಗುತ್ತದೆ. ಕಬ್ಬಿಣ ತೆಗೆಯುವ ಕುಲುಮೆಯಲ್ಲಿ ಇದ್ದಿಲು ಉರುವಲೂ ಹೌದು, ಆಮ್ಲಜನಕ ಕೀಳುವ ವಸ್ತುವೂ ಹೌದು. ಮೂಸೆ ಈ ಎರಡು ಕೆಲಸಗಳನ್ನು ಗೋಡೆ ಹಾಕಿ ಬೇರೆ ಮಾಡುತ್ತದೆ. ಹೊರಗಿನ ಇದ್ದಿಲು ಮನಸಾರೆ ಉರಿದು ಶಾಖ ಕೊಡಬಹುದು. ಒಳಗಿನ ತಂಗಡಿ ಕಡ್ಡಿ ಗಾಳಿಯಿಲ್ಲದೆ ಬೆಂದು, ನೀರು ಮತ್ತು ಅನಿಲಗಳನ್ನು ಬಿಟ್ಟು, ಕೆಲವೇ ಗ್ರಾಂ ಇಂಗಾಲವಾಗಿ ಉಳಿದು ಕಬ್ಬಿಣದೊಳಗೆ ಸೇರುತ್ತದೆ. ಈ ಸೇರುವಿಕೆ ಶಾಖ ಬೇಡುವ ಕ್ರಿಯೆ. ಕಬ್ಬಿಣದ ಕಾರ್ಬೈಡಾದ ಸಿಮೆಂಟೈಟಿನ ರಚನಾ ಎಂಥಾಲ್ಪಿ ಧನ, ಮೋಲಿಗೆ ಸುಮಾರು 25 ಕಿಲೋಜೂಲ್. ತಣ್ಣಗಿದ್ದಾಗ ಇಂಗಾಲಕ್ಕೂ ಕಬ್ಬಿಣಕ್ಕೂ ಹೊಂದಿಕೆಯಿಲ್ಲ. ಬಿಸಿಯೇರಿದಷ್ಟೂ ಕಬ್ಬಿಣ ಹೆಚ್ಚು ಇಂಗಾಲವನ್ನು ಒಳಗೊಳ್ಳುತ್ತದೆ. ಇಂಗಾಲ ಸೇರಿದಂತೆ ಕರಗುವ ಉಷ್ಣತೆ ಇಳಿಯುತ್ತದೆ. ನೂರಕ್ಕೆ ಒಂದೂವರೆ ಪಾಲು ಇಂಗಾಲವಿರುವ ಉಕ್ಕು 1,400 ಡಿಗ್ರಿ ದಾಟಿದ ಸ್ವಲ್ಪದರಲ್ಲೇ ಪೂರ್ತಿ ನೀರಾಗುತ್ತದೆ. ನಾಲ್ಕು ಗಂಟೆಯ ತಿದಿ ಮುಟ್ಟಿಸುತ್ತಿದ್ದುದು ಆ ಮಟ್ಟಕ್ಕೆ. ಒಡೆದ ಮೂಸೆಯಲ್ಲಿ ಸಿಗುತ್ತಿದ್ದ, ಅಂಗಿಯ ಗುಂಡಿಯಂಥ ಗಟ್ಟಿಯ ಮೇಲ್ಮೈಯಲ್ಲಿ ಹರಳಿನ ರಚನೆ ಕಾಣುತ್ತಿದ್ದುದರಿಂದ ಉಕ್ಕು ಪೂರ್ಣ ಕರಗಿದ್ದು ಖಚಿತವೆಂದು ಬುಕನನ್ ಸರಿಯಾಗಿಯೇ ಊಹಿಸಿದ. ಗಟ್ಟಿಯ ತೂಕ ಹಾಕಿದ ಕಬ್ಬಿಣಕ್ಕಿಂತ ತುಸು ಕಡಿಮೆ ಬರುತ್ತಿತ್ತೆಂದೂ ಅವನು ಗಮನಿಸಿದ್ದಾನೆ. ಬಡಿದರೂ ಹೋಗದೆ ಕಬ್ಬಿಣದಲ್ಲಿ ಉಳಿದಿದ್ದ ಕಿಟ್ಟ ಕರಗಿದ ಉಕ್ಕಿನ ಮೇಲೆ ತೇಲಿ ಬೇರೆಯಾಗುವುದೇ ಇದರ ಕಾರಣವಿರಬೇಕು. ಮೂಸೆಯ ಉಕ್ಕು ಬಡಿದ ಕಬ್ಬಿಣಕ್ಕಿಂತ ಶುದ್ಧವಾಗಿರುತ್ತಿದ್ದುದು ಹೀಗೆ.

ದಕ್ಷಿಣ ಭಾರತದ ಇಂಥ ಉಕ್ಕು ಅದೇ ಕಾಲಕ್ಕೆ ಲಂಡನ್ನಿನ ವಿಜ್ಞಾನಿಗಳ ಮೇಜು ಸೇರಿತ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ರಾಯಲ್ ಸೊಸೈಟಿಗೆ ವರದಿ ಕೊಟ್ಟ. 1819ರಲ್ಲಿ ಮೈಕೆಲ್ ಫ್ಯಾರಡೆ ಅದರ ವಿಶ್ಲೇಷಣೆ ಪ್ರಕಟಿಸಿದ. ಬೇರೆ ಯಾವುದೋ ಲೋಹದ ಬೆರಕೆಯೇ ಈ ಉಕ್ಕಿನ ಗುಟ್ಟೆಂದು ಫ್ಯಾರಡೆ ಕೆಲಕಾಲ ಹುಡುಕಿದ. ಹೆಚ್ಚಿನ ಇಂಗಾಲ ಮತ್ತು ನಿಧಾನವಾಗಿ ತಣಿಸುವ ಕ್ರಮದ ಪಾತ್ರ ಸ್ಪಷ್ಟವಾದದ್ದು ಆಮೇಲೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಸಿಕ್ಕ ಒಡೆದ ಮೂಸೆಗಳನ್ನು ಇಪ್ಪತ್ತನೆಯ ಶತಮಾನದ ಸಂಶೋಧಕರು ಪರೀಕ್ಷಿಸಿ ಅಧಿಕ ಇಂಗಾಲದ ಉಕ್ಕು ಅಲ್ಲಿ ಕರಗಿತ್ತೆಂದು ದೃಢಪಡಿಸಿದ್ದಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಸುಬು ಕುಗ್ಗಿತು. ಇಂಗ್ಲೆಂಡಿನ ಕಬ್ಬಿಣೋದ್ಯಮ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬಳಸುತ್ತಿತ್ತು. ಎತ್ತರದ ಕುಲುಮೆಯಲ್ಲಿ ಮಾನಾಕ್ಸೈಡನ್ನು ಅದಿರಿನ ಮೂಲಕವೇ ಹಾಯಿಸುತ್ತಿತ್ತು. 1828ರಲ್ಲಿ ಜೇಮ್ಸ್ ನೀಲ್ಸನ್ ಊದುವ ಗಾಳಿಯನ್ನು ಮೊದಲೇ ಕಾಯಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಕಾಲಕ್ರಮದಲ್ಲಿ ಕುಲುಮೆಯ ಬಾಯಿಂದ ವ್ಯರ್ಥವಾಗಿ ಹೋಗುತ್ತಿದ್ದ ಅನಿಲವನ್ನೇ ಉರಿಸಿ ಆ ಗಾಳಿಯನ್ನು ಕಾಯಿಸತೊಡಗಿದರು. ಮಧುಗಿರಿ ಸೀಮೆಯ ಕುಲುಮೆ ಶಾಖ ಕಳೆದುಕೊಳ್ಳುತ್ತಿದ್ದ ಎರಡು ಕಡೆಗಳನ್ನೂ ಇವು ಒಟ್ಟಿಗೆ ಮುಚ್ಚಿದವು. ಮಳೆ ಕಡಿಮೆಯಾದ ಈ ನೆಲದಲ್ಲಿ ಕಡಿದ ಕುರುಚಲು ಮತ್ತೆ ಬೆಳೆಯಲು ವರ್ಷಗಳೇ ಬೇಕು. ಮೈಸೂರಿನಲ್ಲಿ 1864ರಲ್ಲಿ ಅರಣ್ಯ ಇಲಾಖೆ ಬಂದ ಮೇಲೆ ಇದ್ದಿಲಿಗೆ ಮರ ಕಡಿಯುವುದಕ್ಕೂ ಕಟ್ಟುಪಾಡು ಬಂತು. ಸೋತದ್ದು ಕುಶಲತೆಯ ಕೊರತೆಯಿಂದಲ್ಲ. ಹದಿಮೂರು ಜನ ಹಗಲಿರುಳು ದುಡಿದು ತಯಾರಿಸುತ್ತಿದ್ದ ಉಕ್ಕು ಗುಣದಲ್ಲಿ ಯಾರದಕ್ಕೂ ಕಡಿಮೆ ಇರಲಿಲ್ಲ; ಅದಕ್ಕೆ ತಗಲುತ್ತಿದ್ದ ಇದ್ದಿಲಿನ ಮೊತ್ತವೇ ಅದನ್ನು ಮಾರುಕಟ್ಟೆಯಿಂದ ಹೊರದೂಡಿತು.

ಇದ್ದಿಲಿನ ಕಬ್ಬಿಣ ಮೈಸೂರು ಸಂಸ್ಥಾನದಲ್ಲಿ ಮತ್ತೊಮ್ಮೆ ದೊಡ್ಡ ಮಟ್ಟದಲ್ಲಿ ಬಂದದ್ದು 1923ರಲ್ಲಿ, ಭದ್ರಾವತಿಯಲ್ಲಿ. ಕಲ್ಲಿದ್ದಲಿಲ್ಲದ ಸಂಸ್ಥಾನ ಅಲ್ಲಿನ ಊದುಕುಲುಮೆಯನ್ನು ಮಲೆನಾಡಿನ ಸೌದೆಯ ಇದ್ದಿಲಿನಿಂದ ನಡೆಸಿತು. ಸೌದೆ ಇದ್ದಿಲಾಗುವಾಗ ಹೊರಬೀಳುವ ಆವಿಗಳನ್ನೂ ಬಿಡದೆ ಹಿಡಿದು ಮೀಥೈಲ್ ಆಲ್ಕೋಹಾಲ್‌ನಂಥ ವಸ್ತುಗಳನ್ನು ತೆಗೆಯಿತು. 1936ರಲ್ಲಿ ಅಲ್ಲಿ ಉಕ್ಕಿನ ಘಟಕವೂ ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು ಬಳಸಿದ ಆ ಕಾರ್ಖಾನೆಗೆ ಮಧುಗಿರಿಯ ಹಳ್ಳಗಳ ಕಪ್ಪು ಮರಳು ಬೇಕಾಗಲಿಲ್ಲ.